ಅವರೆಲ್ಲ ಗುಲಾಮರಾಗಿ ಬಂದವರಲ್ವಾ?

ಆಫ್ರಿಕಾದಿಂದ ಬಂದು ಬೇರೆ ನೆಲದಲ್ಲಿ ಬೇರು ಬಿಟ್ಟವರ ಚರಿತ್ರೆ ಹುಡುಕಿಕೊಂಡು ಊರೂರು ಸುತ್ತುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ. "ಅವರೆಲ್ಲ ಗುಲಾಮರಾಗಿ ಬಂದವರಲ್ವಾ? ಅದರಲ್ಲಿ ಬರೆಯೋಕೆ ಏನಿದೆ?"

ಹೌದು, ಬಹಳ ಜನರನ್ನು ಹಾಗೆಯೇ ತಂದರು. ಅದನ್ನು ಮುಚ್ಚಿಡಬಾರದು. ಆದರೆ ಮಾರಾಟವಾದ ದಿನಕ್ಕೇ ಮನುಷ್ಯನ ಕಥೆ ಮುಗಿಯುತ್ತದೆಯೇ?

ಮಲಿಕ್ ಅಂಬರ್‌ನನ್ನೇ ನೋಡಿ. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿದ ಹುಡುಗ. ಮೊದಲ ಹೆಸರು ಚಾಪು. ಕೈಯಿಂದ ಕೈಗೆ ಮಾರಾಟವಾಗುತ್ತ, ಬಾಗ್ದಾದ್ ದಾಟಿ ದಖ್ಖನಿಗೆ ಬಂದ. ಇಲ್ಲಿ ಅವನನ್ನು ಕೊಂಡದ್ದು ಅಹಮದ್‌ನಗರದ ಮಂತ್ರಿ ಚಂಗೀಜ್ ಖಾನ್. ಅವನೂ ಹಬ್ಶಿಯೇ, ಅಂದರೆ ಆಫ್ರಿಕಾ ಮೂಲದವನೇ, ಅವನೂ ಒಂದು ಕಾಲದ ಗುಲಾಮ. ಯಜಮಾನ ಸತ್ತ ಮೇಲೆ ಅಂಬರ್‌ಗೆ ಬಿಡುಗಡೆಯಾಯಿತು. ಕೆಲಕಾಲ ನಮ್ಮ ಬಿಜಾಪುರದಲ್ಲೂ ದುಡಿದ. ಆಮೇಲೆ ತನ್ನದೇ ಪಡೆ ಕಟ್ಟಿ, ಸುಲ್ತಾನನ ಹೆಸರಿನಲ್ಲಿ ಅಹಮದ್‌ನಗರ ರಾಜ್ಯವನ್ನೇ ನಡೆಸಿದ. 1610ರಲ್ಲಿ ಖಡ್ಕಿ ಎಂಬ ಊರು ಕಟ್ಟಿದ. ಅದೇ ಮುಂದೆ ಔರಂಗಾಬಾದ್ ಆಯಿತು. ಆ ಊರಿಗೆ ನೆಲದಡಿಯ ಕಾಲುವೆ, ಮಣ್ಣಿನ ಕೊಳವೆಗಳಲ್ಲಿ ನೀರು ತಂದ.

ಮೊಘಲ್ ದೊರೆ ಜಹಾಂಗೀರ್‌ಗೆ ಅವನನ್ನು ಮಣಿಸಲು ಆಗಲೇ ಇಲ್ಲ. ಕೊನೆಗೆ ಒಂದು ಚಿತ್ರ ಬರೆಸಿದ. ಅದರಲ್ಲಿ ಭೂಗೋಳದ ಮೇಲೆ ನಿಂತ ಜಹಾಂಗೀರ್, ಅಂಬರ್‌ನ ಕಡಿದ ತಲೆಗೆ ಬಾಣ ಬಿಡುತ್ತಿದ್ದಾನೆ. ಚಿತ್ರ ಈಗ ಡಬ್ಲಿನ್‌ನಲ್ಲಿದೆ. ನಿಜದಲ್ಲಿ ಅಂಬರ್ ತೀರಿಕೊಂಡದ್ದು 1626ರಲ್ಲಿ, ಸುಮಾರು ಎಂಬತ್ತರ ಹತ್ತಿರ. ಬದುಕಿರುವವನ ತಲೆಯನ್ನು ಬಣ್ಣದಲ್ಲಿ ಕಡಿಸಬೇಕಾಯಿತು ಅಂದರೆ ದೊರೆಗೆ ಎಷ್ಟು ಭಯ ಇದ್ದಿರಬೇಕು!

ಹಾಗಂತ ಸೇನಾಪತಿಗಳ ಕಥೆ ಮಾತ್ರ ಹೇಳಿದರೆ ಸಾಲದು. ನನಗೆ ಜಾಸ್ತಿ ಹತ್ತಿರದವರು ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದವರ ವಂಶದವರು ಅವರಲ್ಲಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. ಇಷ್ಟಾದರೂ ಬಸ್ ನಿಲ್ದಾಣದಲ್ಲಿ ಅಚ್ಚ ಕನ್ನಡ ಮಾತಾಡುವ ಹುಡುಗನನ್ನು "ಯಾವ ದೇಶ?" ಅಂತ ಕೇಳುವವರನ್ನು ನಾನೇ ನೋಡಿದ್ದೇನೆ. ಆ ಹುಡುಗನ ಮುಖ ನೋಡಲು ಆಗಲಿಲ್ಲ.

ಮುಂಡಗೋಡದ ಹತ್ತಿರ ಒಬ್ಬ ಅಜ್ಜಿ ಜಗಲಿಯಲ್ಲಿ ಕವಂದಿ, ಅಂದರೆ ಸಿದ್ದಿಗಳ ಕೌದಿ, ಹೊಲಿಯುತ್ತಿದ್ದರು. ಹಳೇ ಸೀರೆ, ಅಂಗಿ, ಮಕ್ಕಳ ಲಂಗದ ತುಂಡುಗಳು. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ. ಮುಗಿಯಿತು ಅಂದುಕೊಂಡು ನಾನು ಎದ್ದೆ. "ಕೂತ್ಕೊಳಿ, ಹೂವು ಹಾಕಿಲ್ಲ ಇನ್ನೂ" ಅಂದರು. ನಾಲ್ಕು ಮೂಲೆಗೂ ಬಟ್ಟೆಯ ಸಣ್ಣ ಹೂವು ಕೂರಿಸಬೇಕಂತೆ. ಅದಿಲ್ಲದ ಕವಂದಿ ಬೆತ್ತಲೆ ಇದ್ದಂತೆ, ಯಾರಿಗೂ ಕೊಡುವ ಹಾಗಿಲ್ಲ. ನಾಲ್ಕನೇ ಹೂವು ಕೂರುವವರೆಗೂ ನಾನು ಅಲ್ಲೇ ಕೂತಿದ್ದೆ.