ಲೇಸ್ ಕಟ್ಟುವ ಅಪ್ಪ

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಜೋರು ಮಳೆ. ಒಬ್ಬ ಅಪ್ಪ ಕೊಡೆ ಪಕ್ಕಕ್ಕಿಟ್ಟು, ಮಂಡಿಯೂರಿ ಮಗಳ ಶೂ ಲೇಸ್ ಕಟ್ಟುತ್ತಿದ್ದ. ಬೆನ್ನೆಲ್ಲ ತೊಯ್ದು ತೊಪ್ಪೆ.

ತಟ್ಟನೆ ರಾಯ್ ಆಂಡರ್ಸನ್ ನೆನಪಾದರು. ಸ್ವೀಡನ್ನಿನ ನಿರ್ದೇಶಕ. ಅವರ 2019ರ ಸಿನಿಮಾದಲ್ಲಿ ಇಂಥದ್ದೇ ಒಂದು ದೃಶ್ಯ ಇದೆ. ಅದೇ ಮಳೆ, ಅದೇ ಲೇಸ್. ಕ್ಯಾಮೆರಾ ಒಂದಿಷ್ಟೂ ಅಲುಗಾಡುವುದಿಲ್ಲ. ದೂರದಲ್ಲಿ ಸುಮ್ನೆ ನಿಂತು ನೋಡುತ್ತದೆ. ನನಗೆ ಗಂಟಲು ಕಟ್ಟಿತ್ತು.

1975ರಲ್ಲಿ ಅವರ ಎರಡನೇ ಸಿನಿಮಾ ಸೋತಿತು. ಮುಂದಿನ ದೊಡ್ಡ ಸಿನಿಮಾ ಬಂದಿದ್ದು 2000ದಲ್ಲಿ. ನಡುವೆ 25 ವರ್ಷ! ಜಾಸ್ತಿ ಮಾಡಿದ್ದು ಜಾಹೀರಾತುಗಳನ್ನೇ. ಆಮೇಲೆ 2014ರಲ್ಲಿ ವೆನಿಸ್‌ನ ಸಿನಿಮೋತ್ಸವದ ಅತಿ ದೊಡ್ಡ ಪ್ರಶಸ್ತಿ, ಗೋಲ್ಡನ್ ಲಯನ್. ಅಷ್ಟು ಕಾದವರ ಕಣ್ಣಿಗೇ ಇಂಥ ಲೇಸ್ ಕಾಣುತ್ತದೇನೋ, ಅಲ್ವಾ?

ಬಸ್ ಬಂತು. ಆ ಹುಡುಗಿ ಇನ್ನೊಂದು ಕಾಲನ್ನೂ ಮುಂದೆ ಚಾಚಿದಳು.