ಶಿವನಸಮುದ್ರಕ್ಕೆ ಹೊರಡುವ ಮುಂಚೆ ಕೊಡಗಿನ ಮಳೆ ನೋಡಿ

ಮೊದಲ ಸಲ ನಾವು ಶಿವನಸಮುದ್ರಕ್ಕೆ ಹೋಗಿದ್ದು ಏಪ್ರಿಲ್‌ನಲ್ಲಿ. ಅಲ್ಲಿನ ಗಗನಚುಕ್ಕಿ ಜಲಪಾತದಲ್ಲಿ ಕಂಡಿದ್ದು ಒಣಗಿದ ಬಂಡೆ, ಸಂದಿಯಲ್ಲಿ ನೂಲಿನ ಹಾಗೆ ಇಳಿಯುವ ನೀರು. "ಇದನ್ನ ನೋಡೋಕಾ ಇಷ್ಟು ದೂರ ಬಂದಿದ್ದು?" ಅಂದರು ಅಮ್ಮ. ಎರಡನೇ ಸಲ ಆಗಸ್ಟ್‌ನಲ್ಲಿ ಅವರನ್ನೇ ಕರೆದುಕೊಂಡು ಹೋದೆ. ಗಾಡಿ ನಿಲ್ಲಿಸಿದ ಕಡೆಯೇ ಭೋರ್ಗರೆತ ಕೇಳಿಸಿತು.

ಆವತ್ತು ಮಳವಳ್ಳಿಯಲ್ಲಿ ಸುಡು ಬಿಸಿಲು, ಒಂದು ಹನಿ ಮಳೆ ಇರಲಿಲ್ಲ. ಇಲ್ಲಿಗೆ ಬರುವ ನೀರು ಕೊಡಗು ಮತ್ತು ವಯನಾಡಿನ ಮಳೆಯದ್ದು. ಕೆಆರ್‌ಎಸ್ ಮತ್ತು ಕಬಿನಿ ತುಂಬಿ, ನೀರು ಹೊರಗೆ ಬಿಟ್ಟ ಸುದ್ದಿ ಬಂದ ಮೇಲೆ ಹೊರಡಿ. ಸಾಮಾನ್ಯವಾಗಿ ಅದು ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆಯಲ್ಲಿ ಇರುವ ಸ್ವಲ್ಪ ನೀರೂ ಕಾಲುವೆ ಹಿಡಿದು ವಿದ್ಯುತ್ ಮನೆಗೆ ಹೋಗುತ್ತದೆ.

ಆ ವಿದ್ಯುತ್ ಮನೆಯದ್ದೇ ದೊಡ್ಡ ಕಥೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು. 1902ರಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿದ್ದೂ ಇದೇ ಕಾವೇರಿ ನೀರಿನಿಂದ. ಸುತ್ತಮುತ್ತಲಿನವರು ಈ ಜಾಗವನ್ನು ಈಗಲೂ 'ಬ್ಲಫ್' ಅಂತಲೇ ಕರೆಯುತ್ತಾರೆ. ದಾರಿ ಕೇಳುವಾಗ ಹಾಗೆ ಕೇಳಿದರೂ ಆಗುತ್ತದೆ.

ಇಲ್ಲಿ ಕಾವೇರಿ ಎರಡು ಕವಲಾಗಿ ಒಂದು ದ್ವೀಪವನ್ನು ಬಳಸಿ ಹರಿಯುತ್ತದೆ. ಒಂದು ಕವಲು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಕೆಳಗೆ ಹೋಗಿ ಮತ್ತೆ ಕೂಡಿಕೊಳ್ಳುತ್ತವೆ. ಒಂದನ್ನು ನೋಡಿ ವಾಪಸಾಗುವವರು ಜಾಸ್ತಿ, ಅದು ನಿಜಕ್ಕೂ ನಷ್ಟ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮೇಲೆ ಬಂದರೆ ನದಿ ದಾಟುವ ಮುಂಚೆಯೇ ಗಗನಚುಕ್ಕಿಯ ತಿರುವು ಸಿಗುತ್ತದೆ. ಅದನ್ನು ನೋಡಿಕೊಂಡು ಸೇತುವೆ ದಾಟಿ, ಸತ್ತೇಗಾಲ ಹ್ಯಾಂಡ್‌ಪೋಸ್ಟ್ ಕಡೆಯಿಂದ ಭರಚುಕ್ಕಿಗೆ ಹೋಗಿ. ದ್ವೀಪದ ಮೇಲೆ ಮಧ್ಯರಂಗನ ದೇವಸ್ಥಾನವಿದೆ. ಶ್ರೀರಂಗಪಟ್ಟಣದ್ದು ಆದಿರಂಗ, ಶ್ರೀರಂಗದ್ದು ಅಂತ್ಯರಂಗ, ನಡುವೆ ಇದು.

ಗಗನಚುಕ್ಕಿ ಎತ್ತರ, ಸುಮಾರು 98 ಮೀಟರ್. ಆದರೆ ನನಗೆ ಮನಸ್ಸು ತುಂಬಿದ್ದು ಭರಚುಕ್ಕಿ. ಸುಮಾರು 69 ಮೀಟರ್ ಇದ್ದರೂ ಅಗಲವಾಗಿ ಹರಡಿ, ನೂರಾರು ಎಳೆಗಳಾಗಿ ಬೀಳುತ್ತದೆ. ನಾವು ಹೋದಾಗ ಕೆಳಗಿಳಿಯುವ ಮೆಟ್ಟಿಲು ಮುಚ್ಚಿದ್ದರು. ನೀರು ಜೋರಾಗಿದ್ದಾಗ ಹಾಗೆ ಮಾಡುವುದೇ ಸರಿ. ತೆಪ್ಪದಲ್ಲಿ ಹೋಗುವ ಆಸೆ ಇದ್ದರೆ ಹರಿವು ತಗ್ಗಿದ ಮೇಲೆ ಬನ್ನಿ. ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ದಯವಿಟ್ಟು ಫೋಟೋಗೋಸ್ಕರ ಕಂಬಿ ದಾಟಬೇಡಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳು ಬಿಡುವುದಿಲ್ಲ.

ಕಂಬಿ ಹತ್ತಿರ ನಿಂತ ಎರಡೇ ನಿಮಿಷಕ್ಕೆ ಅಮ್ಮನ ಕನ್ನಡಕದ ಮೇಲೆಲ್ಲ ಹನಿ. ಸೆರಗಿನಲ್ಲಿ ಒರೆಸಿ ಹಾಕಿಕೊಂಡರು, ಮತ್ತೆ ಹನಿ ಕೂತಿತು. ಆಮೇಲೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಸುಮ್ನೆ ನಿಂತುಬಿಟ್ಟರು. ಆ ದಿನ ತಲಕಾಡಿಗೂ ಹೋಗೋಣ ಅಂದುಕೊಂಡಿದ್ದೆವು, ಹೋಗಲಿಲ್ಲ.