ಕಾಳು ಆರಿಸುವ ಯಂತ್ರ, ಚೀಲ ಹೊರುವ ಬೆನ್ನು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳಿಗೆ ಬಣ್ಣ ನೋಡಿ ಕೆಟ್ಟ ಕಾಳು ತೆಗೆಯುವ ಸಾರ್ಟೆಕ್ಸ್ ಯಂತ್ರ ಹೊಸದೇನಲ್ಲ. ಆದರೆ ನಾನು ಲೆಕ್ಕಪತ್ರ ನೋಡಿಕೊಳ್ಳುವ ಗಿರಣಿಗೆ ಕಳೆದ ಸುಗ್ಗಿಗೆ ಮುಂಚೆ ಬಂದ ಯಂತ್ರ ಬೇರೆ ಬಗೆಯದು. ಯಾವ ಕಾಳನ್ನು ತೆಗೆಯಬೇಕೆಂಬುದನ್ನು ಅದಕ್ಕೆ ಮಾದರಿ ತೋರಿಸಿ ಕಲಿಸಬೇಕು. ಕಲಿಸುವ ದಿನ ನಾನೂ ಲೆಕ್ಕದ ಕೋಣೆ ಬಿಟ್ಟು ಹೋಗಿ ನಿಂತಿದ್ದೆ.

ಇಳಿಜಾರಾದ ಹಲಗೆಯ ಮೇಲೆ ಸೋನಾ ಮಸೂರಿ ಅಕ್ಕಿ ತೆಳುವಾಗಿ ಜಾರುತ್ತದೆ. ಕ್ಯಾಮೆರಾಗಳು ಒಂದೊಂದು ಕಾಳನ್ನೂ ನೋಡುತ್ತವೆ. ಕೆಟ್ಟದ್ದು ಕಂಡೊಡನೆ ಸಣ್ಣ ರಂಧ್ರದಿಂದ ಗಾಳಿ ಚಿಮ್ಮಿ ಅದನ್ನು ಬೇರೆ ದಾರಿಗೆ ತಳ್ಳುತ್ತದೆ. ಕೆಟ್ಟ ಕಾಳಿನ ಮಾದರಿ ಬೇಕೆಂದು ಎಂಜಿನಿಯರ್ ಕೇಳಿದಾಗ, ಹಿಂದೆ ಮೊರದಲ್ಲಿ ಅಕ್ಕಿ ಕೇರಿ ಹಸನು ಮಾಡುತ್ತಿದ್ದ, ಈಗ ಮಾದರಿ ಪರೀಕ್ಷೆಗಷ್ಟೇ ಉಳಿದಿರುವ ಹಿರಿಯ ಹೆಂಗಸನ್ನು ಕರೆಸಿದರು. ಆಕೆ ನೀಲಿ ತಟ್ಟೆಯಲ್ಲಿ ಕಪ್ಪು ಚುಕ್ಕೆಯವು, ಹಳದಿ ತಿರುಗಿದವು, ಸುಣ್ಣದಂತೆ ಬಿಳುಪಾದವು ಎಂದು ಬೆರಳ ತುದಿಯಲ್ಲೇ ಬೇರ್ಪಡಿಸಿದರು. ಎಂಜಿನಿಯರ್ ಎತ್ತಿಟ್ಟ ಒಂದು ಕಾಳನ್ನು ನೋಡಿ, “ಇದು ಕೆಟ್ಟಿಲ್ರಿ ಸರ, ತೌಡು ಹತ್ತೈತಿ ಅಷ್ಟ” ಎಂದು ಒಳ್ಳೆಯ ಗುಂಪಿಗೆ ಸರಿಸಿದರು. ಆತ ಮರುಮಾತಾಡಲಿಲ್ಲ. ಆಕೆಯ ಕಣ್ಣಿಗಿದ್ದ ಆ ವಿವೇಕ ಯಂತ್ರಕ್ಕೆ ಇಳಿಯಿತು. ಅದಕ್ಕಾಗಿ ಆಕೆಗೆ ಸಿಕ್ಕಿದ್ದು ಎಂದಿನ ದಿನಗೂಲಿಯಷ್ಟೇ.

ನನ್ನ ಕೆಲಸವೂ ಕರಗುತ್ತಿದೆ. ಕಾಟಾ ಚೀಟಿಯನ್ನು ಫೋನಿನಲ್ಲಿ ಚಿತ್ರ ತೆಗೆದರೆ ತೂಕ, ಲಾರಿ ಸಂಖ್ಯೆ ತಾವಾಗಿಯೇ ಲೆಕ್ಕಕ್ಕೆ ಸೇರುತ್ತವೆ. ನಾನು ಕಣ್ಣಾಡಿಸಿದರೆ ಸಾಕು.

ಇಷ್ಟೆಲ್ಲ ನಡೆಯುವಾಗ ಹೊರಗೆ ಹಮಾಲರು ಎಂದಿನಂತೆ 75 ಕಿಲೋ ಭತ್ತದ ಚೀಲಗಳನ್ನು ಬೆನ್ನ ಮೇಲೆ ಇಳಿಸಿಕೊಳ್ಳುತ್ತಿದ್ದರು. ಕಣ್ಣಿನ ಕೆಲಸಕ್ಕೆ ಬಂದ ಯಂತ್ರ ಬೆನ್ನಿನ ಕೆಲಸಕ್ಕೇಕೆ ಬರಲಿಲ್ಲ? ಚೆಕರ್ಸ್ ಎಂಬ ಮಣೆಯಾಟದಂಥ ಬುದ್ಧಿಯ ಆಟವನ್ನು ಕಂಪ್ಯೂಟರಿಗೆ ಕಲಿಸುವುದು ಸುಲಭ, ಒಂದು ವರ್ಷದ ಮಗುವಿನಂತೆ ನೋಡುವುದನ್ನು, ಓಡಾಡುವುದನ್ನು ಕಲಿಸುವುದು ಕಷ್ಟ ಎಂದು ರೋಬೋಟ್ ವಿಜ್ಞಾನಿ ಹಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. ಆದರೆ ನಮ್ಮ ಗಿರಣಿಯ ಮಟ್ಟಿಗೆ ಈ ಉತ್ತರ ಅರ್ಧ ಮಾತ್ರ ಸರಿ. ಚೀಲ ಸಾಗಿಸುವ ಬೆಲ್ಟಿಗೆ ಯಾವ ಬುದ್ಧಿಯೂ ಬೇಕಿಲ್ಲ, ಅದು ಬಹಳ ಕಾಲದಿಂದ ಮಾರುಕಟ್ಟೆಯಲ್ಲಿದೆ. ಕಾಳು ಆರಿಸುವ ಯಂತ್ರ ಅಕ್ಕಿಯ ದರ ಏರಿಸುತ್ತದೆ, ಬೆಲ್ಟ್ ಹಮಾಲರ ಬೆನ್ನನ್ನಷ್ಟೇ ಉಳಿಸುತ್ತದೆ. ಹೀಗಾಗಿ ಮೊದಲನೆಯದಕ್ಕೆ ಸಾಲ ಮಾಡಿಯಾದರೂ ಹಣ ಹೊಂದಿಸಲಾಗುತ್ತದೆ.

ತಮಾಷೆಯೆಂದರೆ ಚೀಲದ ತೂಕ ಕಲ್ಲಿನಲ್ಲಿ ಕೊರೆದದ್ದೇನೂ ಅಲ್ಲ. 2022ರ ಜುಲೈನಲ್ಲಿ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಿದ್ದಾಗ ಗಿರಣಿಗಳಿಂದ 26 ಕಿಲೋ ಚೀಲ ಹೊರಬರಲು ತಡವಾಗಲಿಲ್ಲ. ಮನುಷ್ಯ ಹೊರುವ ಭಾರ 55 ಕಿಲೋ ಮೀರಿದ್ದರೆ ತಗ್ಗಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದ್ದರೂ ಭತ್ತದ ಚೀಲ ಮಾತ್ರ ಹಾಗೆಯೇ ಇದೆ.

ಬೆಲ್ಟ್ ಬಂದರೆ ಒಳ್ಳೆಯದಲ್ಲವೇ ಎಂದು ಹಮಾಲರ ಮೇಸ್ತ್ರಿಯನ್ನು ಕೇಳಿದೆ. “ಬ್ಯಾಡ್ರಿ ಸರ, ಚೀಲಕ್ಕಿಷ್ಟು ಅಂತ ಕೂಲಿ ನಮ್ದು. ಬೆಲ್ಟ್ ಬಂದ್ರ ಮನಿಗೆ ಹೋಗ್ಬೇಕು. ಚೀಲ ಐವತ್ತು ಕಿಲೋ ಮಾಡಿಸ್ರಿ, ಕೂಲಿ ಇಷ್ಟ ಇರ್ಲಿ” ಎಂದರು. ಯಂತ್ರಗಳ ಬಗ್ಗೆ ನಾನು ಓದಿದ ಲೇಖನಗಳಲ್ಲಿ ಇಷ್ಟು ಸ್ಪಷ್ಟವಾದ ಬೇಡಿಕೆ ಕಂಡಿರಲಿಲ್ಲ. ಅದನ್ನು ಕಾಗದದಲ್ಲಿ ಬರೆದು, ಖರ್ಚಿನ ಲೆಕ್ಕವನ್ನೂ ಸೇರಿಸಿ ಮಾಲೀಕರ ಮುಂದಿಟ್ಟೆ. ಸುಗ್ಗಿ ಮುಗಿಯಲಿ ಎಂದಿದ್ದರು. ಮುಗಿದಿದೆ, ಇನ್ನೊಮ್ಮೆ ಕೇಳಬೇಕು.